ಕಾಂಕ್ರೀಟಿಗೆ ಟ್ಯಾಂಕರ್, ಜನರಿಗೆ ಎರಡು ಕ್ಯಾನ್: ಕಲಬುರಗಿಯ ಒಂದು ಮೋಲ್ಡ್ ದಿನ

2019ರ ಏಪ್ರಿಲ್ ಕೊನೆಯ ವಾರ. ಕಲಬುರಗಿ ಊರಾಚೆಯ ಒಂದು ಹೊಸ ಬಡಾವಣೆಯಲ್ಲಿ ಹಾಸ್ಟೆಲ್ ಕಟ್ಟಡ ಏಳುತ್ತಿತ್ತು. ನಾನು ಅಲ್ಲಿ ಸೈಟ್ ಎಂಜಿನಿಯರ್. ಡಿಗ್ರಿ ಮುಗಿಸಿ ಎರಡೇ ವರ್ಷ ಆಗಿತ್ತು. ಎರಡನೇ ಮಹಡಿಗೆ ಮೋಲ್ಡ್, ಅಂದರೆ ಕಾಂಕ್ರೀಟಿನ ಚಾವಣಿ ಹಾಕುವ ದಿನ, ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ, 19 ವರ್ಷದ ಹುಡುಗನೊಬ್ಬ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಬದುಕಿದ. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಅವನನ್ನು ಉಳಿಸಿದ್ದು ಉಸುಕು ತುಂಬುತ್ತಿದ್ದ ಒಬ್ಬ ಹೆಣ್ಣುಮಗಳು.

ಹೆಸರು ಯಾರದ್ದೂ ಬರೆಯುವುದಿಲ್ಲ. ಮಾಲೀಕರು, ಗುತ್ತೇದಾರರು, ಆಸ್ಪತ್ರೆ ಎಲ್ಲ ಹಾಗೇ ಇರಲಿ. ಅವತ್ತು ಬೆಳಗ್ಗೆಯಿಂದ ಏನೇನಾಯಿತು ಅನ್ನುವುದನ್ನು ಮಾತ್ರ ಒಂದೊಂದಾಗಿ ಹೇಳುತ್ತೇನೆ. ಇಂಥ ದಿನ ಕೆಟ್ಟದ್ದು ಒಂದು ಗಂಟೆಗೆ ಆಗುವುದಿಲ್ಲ. ಬೆಳಗ್ಗೆ ಆರಕ್ಕೇ ಶುರುವಾಗಿರುತ್ತದೆ.

ತಡವಾದ ಮಿಕ್ಸರ್

ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆ ಶುರುವಾಗಿತ್ತು. ಏಪ್ರಿಲ್ 23ರಂದು ನಮ್ಮ ಕಡೆ ಲೋಕಸಭೆ ಚುನಾವಣೆಯ ಮತದಾನ ಇತ್ತು. ಮೋಲ್ಡಿಗೆ ಕೆಳಗಿನಿಂದ ಹಲಗೆ, ಶೀಟು ಕಟ್ಟುವ ಸೆಂಟ್ರಿಂಗ್‌ನವರು ಓಟು ಹಾಕಲು ಊರಿಗೆ ಹೋದರು. ಹೋದವರು ಎರಡು ದಿನಕ್ಕೆ ಬರಲಿಲ್ಲ, ನಾಲ್ಕು ದಿನ ಬಿಟ್ಟು ಬಂದರು. ಕಂಬಿ ಕಟ್ಟುವುದು ತಡವಾಯಿತು. ಜೂನ್‌ನಲ್ಲಿ ಹಾಸ್ಟೆಲ್ ಶುರು ಮಾಡಬೇಕಿದ್ದ ಮಾಲೀಕರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಸರಿ, ನಾಳೆ ಮೋಲ್ಡ್ ಹಾಕಿಬಿಡೋಣ ಅಂತ ಗುತ್ತೇದಾರರು ಒಪ್ಪಿಕೊಂಡರು.

ಬೆಳಗ್ಗೆ 6.30ಕ್ಕೆ ಶುರು ಮಾಡುವ ಮಾತಾಗಿತ್ತು. ಸುಮಾರು 24 ಘನ ಮೀಟರ್ ಕಾಂಕ್ರೀಟ್. ಒಂದು ಲಿಫ್ಟ್ ಮಿಕ್ಸರ್‌ನಲ್ಲಿ ಏಳು ತಾಸಿನ ಕೆಲಸ. ಅಂದರೆ ಒಂದೂವರೆಗೆ ಮುಗಿಯಬೇಕು. ಆದರೆ ಬಾಡಿಗೆ ಮಿಕ್ಸರ್ ಹಿಂದಿನ ರಾತ್ರಿ ಬೇರೆ ಸೈಟಿನಲ್ಲಿ ಕೆಟ್ಟು ನಿಂತಿತ್ತು. ರಿಪೇರಿಯಾಗಿ ನಮ್ಮಲ್ಲಿಗೆ ಬಂದಾಗ ಒಂಬತ್ತು ದಾಟಿತ್ತು. ಜನ ಮಾತ್ರ ಆರಕ್ಕೇ ಬಂದು ಕೂತಿದ್ದರು. ಮೇಲೆ ಮತ್ತು ಕೆಳಗೆ ಸೇರಿ 24 ಜನ. ಮೂರು ತಾಸು ಸುಮ್ನೆ ಕೂತು, ಬಿಸಿಲು ಏರಿದ ಮೇಲೆ ಕೆಲಸಕ್ಕೆ ಇಳಿದರು.

ಅವತ್ತೇ ನಾಳೆಗೆ ಮುಂದೂಡಬೇಕಿತ್ತು. ಹಾಗಂತ ಈಗ ಹೇಳುವುದು ಸುಲಭ. ಜನ ಬಂದಾಗಿದೆ, ಸಿಮೆಂಟ್ ಇಳಿದಾಗಿದೆ, ಮಿಕ್ಸರ್ ಬಾಡಿಗೆ ಕೊಟ್ಟಾಗಿದೆ. ಮುಂದೂಡೋಣ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ.

ಮೋಲ್ಡ್ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ಗೋಡೆ ಕಟ್ಟುವುದಾದರೆ ಅರ್ಧಕ್ಕೆ ಬಿಟ್ಟು ಊಟ ಮಾಡಿ ಬರಬಹುದು. ಮೋಲ್ಡ್ ಹಾಗಲ್ಲ. ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ. ಮಧ್ಯ ಬಿಟ್ಟರೆ ಹಳೆ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆ ಕೂರುವುದಿಲ್ಲ, ಮುಂದೆ ಅಲ್ಲೇ ಸೋರುತ್ತದೆ. ಬಿಸಿಲಿಗೆ ಕಾಂಕ್ರೀಟ್ ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಇನ್ನೂ ಅವಸರ. ಮೇಲೆ ಪಗಾರವೂ ದಿನದ ಲೆಕ್ಕವಲ್ಲ. ಇಡೀ ಮೋಲ್ಡಿಗೆ ಇಷ್ಟು ಅಂತ ಗುತ್ತಿಗೆ. ಬೇಗ ಮುಗಿಸಿದರೆ ಬೇಗ ಮನೆಗೆ. ಹೀಗಾಗಿ ಕೂತು ವಿಶ್ರಾಂತಿ ತೆಗೆದುಕೊಳ್ಳುವವನು ಮಾಲೀಕರ ಕಣ್ಣಿಗೆ ಬೀಳುವ ಮುಂಚೆ ಜೊತೆಯವರ ಕಣ್ಣಿಗೇ ಬೀಳುತ್ತಾನೆ.

ಎರಡು ಕ್ಯಾನ್ ನೀರು

ಆ ದಿನ ನೀರಿರಲಿಲ್ಲವೇ ಅಂತ ಆಮೇಲೆ ಎಲ್ಲರೂ ಕೇಳಿದರು. ಇತ್ತು. 20 ಲೀಟರಿನ ಎರಡು ಕ್ಯಾನ್ ತರಿಸಿದ್ದೆವು. ಸಿಮೆಂಟ್ ಚೀಲಗಳ ಪಕ್ಕ ಇಟ್ಟಿದ್ದೆವು, ಕೆಳಗೆ. ಹತ್ತು ಗಂಟೆ ಹೊತ್ತಿಗೆ ಅಲ್ಲಿಗೂ ಬಿಸಿಲು ಬಂತು. ನೀರು ಚಹಾ ಮಾಡುವಷ್ಟು ಕಾದಿತ್ತು. ಎರಡು ಕ್ಯಾನಿಗೂ ಸೇರಿ ಒಂದೇ ಸ್ಟೀಲ್ ಲೋಟ.

ಈಗ ಲೆಕ್ಕ ಹಾಕಿ. ಅಂಥ ಬಿಸಿಲಿನಲ್ಲಿ ಭಾರ ಹೊರುವವರ ಮೈಯಿಂದ ತಾಸಿಗೆ ಒಂದು ಲೀಟರ್ ಬೆವರು ಹೋಗುವುದು ಮಾಮೂಲಿ. ಜಾಸ್ತಿಯೂ ಹೋಗಬಹುದು. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ ಲೀಟರ್ ಕುಡಿಯಬೇಕು ಅಂತ ಕೆಲಸಗಾರರ ಆರೋಗ್ಯ ನೋಡುವ ತಜ್ಞರು ಹೇಳುತ್ತಾರೆ. 24 ಜನ, ಏಳು ತಾಸು. ತಾಸಿಗೆ ಮುಕ್ಕಾಲು ಲೀಟರ್ ಹಿಡಿದರೂ 126 ಲೀಟರ್ ಬೇಕು. ನಮ್ಮ ಹತ್ತಿರ ಇದ್ದದ್ದು 40.

ಅದೇ ದಿನ ಮಧ್ಯಾಹ್ನಕ್ಕೆ 5,000 ಲೀಟರಿನ ಟ್ಯಾಂಕರ್ ಹೇಳಿದ್ದೆ. ಮಿಕ್ಸರಿಗೆ, ಮತ್ತು ಸಂಜೆಯಿಂದ ಮೋಲ್ಡಿನ ಕ್ಯೂರಿಂಗಿಗೆ. ಆ ಲೆಕ್ಕದಲ್ಲಿ ನಾನು ತಪ್ಪಿರಲಿಲ್ಲ. ಕಾಂಕ್ರೀಟ್ ಒಣಗಿದರೆ ಬಿರುಕು ಬಿಡುತ್ತದೆ, ಕನಿಷ್ಠ ಏಳು ದಿನ, ಇಂಥ ಬಿಸಿಲಿನಲ್ಲಿ ಹತ್ತು ದಿನ ಹಸಿಯಾಗಿಡಬೇಕು ಅಂತ ನಮಗೆ ಕಾಲೇಜಿನಲ್ಲೇ ಕಲಿಸಿದ್ದಾರೆ. ಬಿಸಿಲುಗಾಲದ ಕಾಂಕ್ರೀಟಿಗೆ ಅಂತಲೇ ನಮ್ಮ ದೇಶದಲ್ಲಿ ಒಂದು ಸಂಹಿತೆ ಇದೆ, ಐಎಸ್ 7861. ಗಾಳಿಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಅದರ ಪ್ರಕಾರ ನಡೆಯಬೇಕು. ಕಡಿಗೆ (ಜಲ್ಲಿಗೆ) ನೀರು ಚಿಮುಕಿಸಿ, ನೆರಳು ಮಾಡಿ, ತಂಪು ಹೊತ್ತಿನಲ್ಲಿ ಹಾಕಿ, ಹೀಗೆಲ್ಲ. ಅವತ್ತು ಬೆಳಗ್ಗೆ ಕಡಿ ರಾಶಿಗೆ ನೀರು ಹೊಡೆಸಿದ್ದೆ. ಬುಟ್ಟಿ ಹೊರುವವರ ತಲೆಯ ಮೇಲೆ ಒಂದು ತಾಡಪತ್ರಿ ಕಟ್ಟಿಸಬೇಕು ಅಂತ ನನಗೆ ಹೊಳೆದಿರಲಿಲ್ಲ.

ಹನ್ನೊಂದೂವರೆಯಿಂದ ಒಂದು ಗಂಟೆ

ಹುಡುಗ ಚಿತ್ತಾಪುರ ಕಡೆಯವನು. ಮಾರ್ಚ್‌ನಲ್ಲಿ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಬರೆದಿದ್ದ. ರಜೆಯಲ್ಲಿ ನಾಲ್ಕು ಕಾಸು ಆಗಲಿ ಅಂತ ಚಿಕ್ಕಪ್ಪನ ಜೊತೆ ಕೆಲಸಕ್ಕೆ ಬಂದಿದ್ದ. ಅದು ಅವನ ಮೂರನೇ ದಿನ. ಮೊದಲ ಎರಡು ದಿನ ಕೆಳಗೆ ನೆರಳಿನಲ್ಲಿ ಕಂಬಿ ಸಾಗಿಸಿದ್ದ. ಮೂರನೇ ದಿನ ನೇರ ಮೇಲೆ, ಮಿಕ್ಸರಿನ ಬಕೆಟ್‌ನಿಂದ ಕಾಂಕ್ರೀಟ್ ಬುಟ್ಟಿ ಹೊರುವ ಸಾಲಿಗೆ. ಆಟಗಾರ ಹುಡುಗ, ಗಟ್ಟಿ ಮೈ. ಯಾರಿಗೂ ಅನುಮಾನ ಬರಲಿಲ್ಲ.

ಮೊಬೈಲಿನಲ್ಲಿ 42 ಅಂತ ತೋರಿಸುತ್ತಿತ್ತು. ಅದು ನೆರಳಿನ ಲೆಕ್ಕ. ಮೇಲೆ ಕಾದ ಕಂಬಿಯ ಜಾಲ, ಕಬ್ಬಿಣದ ಸೆಂಟ್ರಿಂಗ್ ಶೀಟು. ಕೆಳಗಿನಿಂದಲೂ ಝಳ, ಮೇಲಿನಿಂದಲೂ ಬಿಸಿಲು.

ಹನ್ನೊಂದೂವರೆಗೆ ಅವನ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತಿದ್ದ. ನಾನು ಕೆಳಗಿನಿಂದ ನೋಡಿ ಏನಾಯಿತು ಅಂತ ಕೇಳಿದೆ. ಗೌಂಡಿ ಮೇಲಿನಿಂದಲೇ ಹೇಳಿದರು, "ಹೊಸಾ ಹುಡುಗ ಅದಾನ್ರಿ ಸರ. ಎರಡು ದಿನಾ ಆದ್ರ ರೂಢಿ ಆಗ್ತದ."

ಹನ್ನೆರಡೂಕಾಲಿಗೆ ವಾಂತಿ ಮಾಡಿಕೊಂಡ. ತಲೆ ಸಿಡಿಯುತ್ತದೆ ಅಂದ. "ಪಿತ್ತ ಆಗ್ಯಾದ ತಮ್ಮಾ, ಮುಂಜಾನಿ ಏನರ ತಿಂದಿದ್ದಿಲ್ಲೇನು?" ಅಂತ ಗೌಂಡಿ ಕೇಳಿದರು. ನಮ್ಮಲ್ಲಿ ಬೇಸಿಗೆಯಲ್ಲಿ ತಲೆ ಸುತ್ತಿ ವಾಂತಿಯಾದರೆ ಅದಕ್ಕೆ ಪಿತ್ತ ಅನ್ನುವ ಹೆಸರು ರೆಡಿ ಇರುತ್ತದೆ. ಹೆಸರು ಸಿಕ್ಕಿತು ಅಂದರೆ ಯೋಚನೆ ಅಲ್ಲಿಗೆ ನಿಲ್ಲುತ್ತದೆ. ಮೈ ಸುಡುತ್ತಿದೆ ಅಂತ ಯಾರೋ ಜೇಬಿನಿಂದ ಜ್ವರದ ಗುಳಿಗೆ ಕೊಟ್ಟರು. ಅರ್ಧ ಲೋಟ ಬಿಸಿ ನೀರಲ್ಲಿ ನುಂಗಿದ. ಮೆಟ್ಟಿಲ ನೆರಳಿನಲ್ಲಿ ಐದು ನಿಮಿಷ ಕೂತ. ಮತ್ತೆ ತಾನಾಗಿ ಎದ್ದು ಹೋದ. ಸಾಲಿನಲ್ಲಿ ಒಬ್ಬ ಕಡಿಮೆಯಾದರೆ ಅವನ ಬುಟ್ಟಿ ಉಳಿದವರ ತಲೆಗೆ ಬರುತ್ತದೆ. ಮೂರು ದಿನದ ಹಿಂದೆ ಬಂದ ಹುಡುಗನಿಗೆ ಅದು ನಾಚಿಕೆ.

ಆ ಐದು ನಿಮಿಷ ಐವತ್ತು ನಿಮಿಷ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತೇನೋ. ಅಲ್ಲಿವರೆಗೆ ಅವನಿಗೆ ಆಗಿದ್ದು ಬಿಸಿಲಿನ ಬಳಲಿಕೆ. ನೆರಳು, ಉಪ್ಪು ಹಾಕಿದ ನೀರು, ವಿಶ್ರಾಂತಿ ಸಿಕ್ಕರೆ ಅಲ್ಲಿಂದ ವಾಪಸ್ ಬರಬಹುದು.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಅವನ ನಡವಳಿಕೆ ಬದಲಾಯಿತು. ಚಿಕ್ಕಪ್ಪನನ್ನು ಬೇರೆ ಯಾರದ್ದೋ ಹೆಸರಿನಿಂದ ಕರೆದ. ನಕ್ಕ. ಬುಟ್ಟಿಯನ್ನು ಹಾಕಬಾರದ ಕಡೆ ಸುರಿದ. ಬೈದರೆ ತಿರುಗಿ ಬೈದು ಬುಟ್ಟಿ ಎಸೆದ. "ಕುಡದ್ ಬಂದಾನೇನು?" ಅಂತ ಒಬ್ಬರು ಕೇಳಿದ್ದು ನನಗೂ ಕೇಳಿಸಿತು. ನಾನು ಕೆಳಗೆ, ಕಾಂಕ್ರೀಟಿನ ಗಟ್ಟಿತನ ಪರೀಕ್ಷೆಗೆ ಕಳಿಸುವ ಕ್ಯೂಬ್ ತುಂಬುತ್ತಿದ್ದೆ. 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ ಮೂರು ಸ್ಯಾಂಪಲ್, ಒಂದೊಂದಕ್ಕೆ ಮೂರರಂತೆ ಒಂಬತ್ತು ಕ್ಯೂಬ್ ತೆಗೆಯಬೇಕು. ಆರನೆಯದನ್ನು ತುಂಬಿ ತಟ್ಟುತ್ತಿದ್ದೆ. ಜಗಳ ಅಂದುಕೊಂಡು ತಲೆ ಎತ್ತಲಿಲ್ಲ.

ಒಂದು ಗಂಟೆ ಐದು ನಿಮಿಷಕ್ಕೆ ಮೆಟ್ಟಿಲಿಳಿಯುತ್ತಾ ಬಿದ್ದ.

ಟ್ಯಾಂಕರಿನ ಪೈಪು

ಮುಂದಿನ ಆರೇಳು ನಿಮಿಷ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಕೈಕಾಲು ಅದುರುತ್ತಿತ್ತು. ಮೂರ್ಛೆ ರೋಗ ಅಂತ ಒಬ್ಬರು ಬೈಕಿನ ಕೀಲಿ ಕೈಯಲ್ಲಿ ಹಿಡಿಸಿದರು. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಮತ್ತೊಬ್ಬರು ಬಾಯಿಗೆ ನೀರು ಬಿಡಲು ನೋಡಿದರು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅದೃಷ್ಟಕ್ಕೆ ಹುಡುಗನ ಹಲ್ಲು ಕಚ್ಚಿಕೊಂಡಿತ್ತು. ನಾನು ಮುಟ್ಟಿ ನೋಡಿದೆ. ಹಂಚಿನ ಹಾಗೆ ಸುಡುತ್ತಿದ್ದ. ಆದರೆ ಹಣೆ, ಕುತ್ತಿಗೆ ಬೆವರಿನಿಂದ ಒದ್ದೆ. ಬಿಸಿಲು ಬಡಿದರೆ ಬೆವರು ನಿಲ್ಲುತ್ತದೆ ಅಂತ ಎಲ್ಲೋ ಓದಿದ್ದೆ. ಬೆವರುತ್ತಿದ್ದಾನಲ್ಲ, ಹಾಗಾದರೆ ಅದು ಇರಲಿಕ್ಕಿಲ್ಲ ಅಂದುಕೊಂಡೆ. ಇದು ದೊಡ್ಡ ತಪ್ಪು. ಮನೆಯೊಳಗೆ ಇದ್ದು ಬಿಸಿಲ ಹೊಡೆತಕ್ಕೆ ಸಿಗುವ ವಯಸ್ಸಾದವರಲ್ಲಿ ಮೈ ಒಣಗಿರುತ್ತದೆ. ದುಡಿಯುತ್ತಾ ದುಡಿಯುತ್ತಾ ಬಿದ್ದವರು ಬೆವರುತ್ತಲೇ ಇರಬಹುದು. ನೋಡಬೇಕಾದ್ದು ಬೆವರನ್ನಲ್ಲ, ತಲೆಯನ್ನು. ಮಾತು ತಪ್ಪುತ್ತಿದೆಯಾ, ನಡೆ ತಪ್ಪುತ್ತಿದೆಯಾ, ಇಲ್ಲದ ಸಿಟ್ಟು ಬರುತ್ತಿದೆಯಾ. ಅದು ಹದಿನೈದು ನಿಮಿಷ ಮೊದಲೇ ಎಲ್ಲರ ಕಣ್ಣೆದುರು ನಡೆದಿತ್ತು.

ಅಷ್ಟರಲ್ಲಿ ಕೆಳಗೆ ಮಿಕ್ಸರಿಗೆ ಉಸುಕು ತುಂಬುತ್ತಿದ್ದ ಅಕ್ಕ ಬಂದಳು. ನಲವತ್ತೈದರ ಹತ್ತಿರದ ವಯಸ್ಸು. "ಏ, ಬಾಯಾಗ ಅಲ್ಲೋ, ಮೈಮ್ಯಾಲ ಹಾಕ್ರಿ! ಪೈಪ್ ತರ್ರಿ!" ಅಂತ ಕೂಗಿದಳು. ಕಾದ ಮೈಗೆ ತಣ್ಣೀರು ಹಾಕಿದರೆ ಜೀವ ಹೋಗುತ್ತದೆ ಅಂತ ಇಬ್ಬರು ತಡೆದರು. ಆಕೆ ಕೇಳಲಿಲ್ಲ. ಆಗತಾನೇ ಬಂದಿದ್ದ ಟ್ಯಾಂಕರಿನ ಪೈಪು ಎಳೆದುಕೊಂಡು ಬಂದು ತಲೆಯಿಂದ ಕಾಲಿನವರೆಗೆ ಬಿಟ್ಟಳು. ಕಂಬದ ಕ್ಯೂರಿಂಗಿಗೆ ತಂದಿಟ್ಟಿದ್ದ ಗೋಣಿಚೀಲ ನೆನೆಸಿ ಅವನಿಗೆ ಸುತ್ತಿಸಿದಳು. ಸಿಮೆಂಟ್ ಚೀಲ ಬಿಚ್ಚಿ ನಾಲ್ಕು ಜನ ಗಾಳಿ ಹಾಕಿದರು. ಚಿಕ್ಕಪ್ಪ ಓಡಿ ಹೋಗಿ ರಸ್ತೆಯ ಕಬ್ಬಿನ ಹಾಲಿನ ಗಾಡಿಯಿಂದ ಐಸ್ ತಂದ. ಅದನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು. ನಾನು ಮಾಡಿದ್ದು 108ಕ್ಕೆ ಫೋನ್. ಆಂಬುಲೆನ್ಸ್ ಬರಲು 25 ನಿಮಿಷ ಆಯಿತು. ಅಲ್ಲಿಯವರೆಗೂ ಅಕ್ಕ ಪೈಪು ಕೆಳಗಿಡಲಿಲ್ಲ.

ನಿಮಗೆ ಇದು ಹೇಗೆ ಗೊತ್ತು ಅಂತ ಆಮೇಲೆ ಕೇಳಿದೆ. "ಹೊಲದಾಗ ನಮ್ಮ ಎತ್ತು ಹಿಂಗ ಬಿದ್ದಿತ್ರಿ ಸರ. ನೀರು ಹೊಡದೀವಿ, ಎದ್ದು ನಿಂತು."

ಆಸ್ಪತ್ರೆಗೆ ತಲುಪಿದಾಗ ಅವನ ಮೈ ಒಳಗಿನ ಉಷ್ಣಾಂಶ 40.4. ಅಷ್ಟು ನೀರು ಸುರಿದ ಮೇಲೂ! ಬಿದ್ದಾಗ ಎಷ್ಟಿತ್ತೋ. ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಬಿದ್ದು ಎಷ್ಟು ಹೊತ್ತಾಯಿತು, ದಾರಿಯಲ್ಲಿ ತಂಪು ಮಾಡಿದ್ರಾ ಅಂತ. ಹೌದು ಅಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ಮೈ ಒಳಗೆ ನಡೆದದ್ದು

ಡಾಕ್ಟರ್ ಬಿಡುವಾದಾಗ ಕೂರಿಸಿಕೊಂಡು ಹೇಳಿದ್ದನ್ನೂ, ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ದುಡಿಯುವ ಮೈ ಒಲೆಯ ಹಾಗೆ. ಒಳಗೆ ಹುಟ್ಟುವ ಶಾಖವನ್ನು ಹೊರಗೆ ಹಾಕಲು ಅದಕ್ಕೆ ಇರುವುದು ಎರಡು ದಾರಿ. ರಕ್ತವನ್ನು ಚರ್ಮಕ್ಕೆ ತಂದು ಗಾಳಿಗೆ ಒಡ್ಡುವುದು ಒಂದು, ಬೆವರು ಆರಿಸುವುದು ಇನ್ನೊಂದು. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ, ಅಂದರೆ 37 ದಾಟಿದಾಗ, ಮೊದಲ ದಾರಿ ಮುಚ್ಚುತ್ತದೆ. ಗಾಳಿಯೇ ಮೈಗೆ ಶಾಖ ಕೊಡಲು ಶುರು ಮಾಡುತ್ತದೆ. ಉಳಿಯುವುದು ಬೆವರು ಒಂದೇ. ಬೆವರಿಗೆ ನೀರು ಬೇಕು. ನೀರು ಬರುವುದು ರಕ್ತದಿಂದ. ಕುಡಿಯದೇ ಬೆವರಿದರೆ ರಕ್ತವೇ ಕಡಿಮೆಯಾಗುತ್ತದೆ. ಅದೇ ರಕ್ತ ಚರ್ಮಕ್ಕೂ ಬೇಕು, ಬುಟ್ಟಿ ಎತ್ತುವ ಸ್ನಾಯುವಿಗೂ ಬೇಕು, ಮಿದುಳಿಗೂ ಬೇಕು. ಹೃದಯ ಎಷ್ಟು ಓಡಿದರೂ ಸಾಲುವುದಿಲ್ಲ. ಶಾಖ ಒಳಗೇ ಸೇರಿಕೊಳ್ಳುತ್ತದೆ. ಮೈ ಒಳಗಿನ ಉಷ್ಣಾಂಶ 40 ದಾಟಿ, ಮಿದುಳು ತಪ್ಪಲು ಶುರುವಾದರೆ ಅದೇ ಹೀಟ್ ಸ್ಟ್ರೋಕ್. ಕಾಂಕ್ರೀಟಿನ ಸಂಹಿತೆಯಲ್ಲೂ 40, ಇಲ್ಲೂ 40. ಒಂದು ಗಾಳಿಯ ಲೆಕ್ಕ, ಇನ್ನೊಂದು ಮೈಯ ಲೆಕ್ಕ, ಸಂಬಂಧವೇನೂ ಇಲ್ಲ. ಆದರೂ ಆ ನಂಬರ್ ನನ್ನ ತಲೆಯಲ್ಲಿ ಹಾಗೇ ಅಂಟಿಕೊಂಡಿದೆ.

ಅರವತ್ತು ಕಿಲೋ ತೂಕದವರಿಗೆ 1.2 ಲೀಟರ್ ನೀರು ಕಡಿಮೆಯಾದರೆ ಮೈತೂಕದ ನೂರಕ್ಕೆ ಎರಡು ಹೋದ ಹಾಗೆ. ಅಷ್ಟಕ್ಕೇ ಕೆಲಸದ ಕಸುವು ಇಳಿಯುತ್ತದೆ. ಹುಡುಗ ಬೆಳಗ್ಗೆಯಿಂದ ಕುಡಿದದ್ದು ಮೂರು ಲೋಟವೂ ಇರಲಿಕ್ಕಿಲ್ಲ. ನಮ್ಮ ಕಡೆಯ ಒಣ ಬಿಸಿಲಿನಲ್ಲಿ ಇನ್ನೊಂದು ಮೋಸ ಇದೆ. ಬೆವರು ಬಂದ ಹಾಗೇ ಆರಿಹೋಗುತ್ತದೆ, ಎಷ್ಟು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿ ತಿಳಿಯಬೇಕು. ಮಂಗಳೂರಿನಲ್ಲಾದರೆ ಉಲ್ಟಾ. ಅಲ್ಲಿ 34 ಡಿಗ್ರಿಗೇ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಬರೀ ಥರ್ಮಾಮೀಟರ್ ನೋಡಿ ಧೈರ್ಯ ತಂದುಕೊಳ್ಳುವ ಹಾಗಿಲ್ಲ.

ಹುಡುಗ ಇದೇ ಸೀಮೆಯ ಬಿಸಿಲಿನಲ್ಲಿ ಬೆಳೆದವನು, ಅವನಿಗೆ ಹೇಗೆ ಹೀಗಾಯಿತು? ನಾನೂ ಇದನ್ನೇ ಕೇಳಿದ್ದೆ. ಬಿಸಿಲಿಗೆ ಒಗ್ಗಿಕೊಳ್ಳುವುದು ಹುಟ್ಟಿನಿಂದ ಬರುವ ಗುಣ ಅಲ್ಲವಂತೆ. ದಿನಾ ಬಿಸಿಲಿನಲ್ಲಿ ದುಡಿದರೆ ಒಂದೆರಡು ವಾರದಲ್ಲಿ ಮೈ ಕಲಿಯುತ್ತದೆ. ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಬಿಡುತ್ತದೆ. ಬಿಟ್ಟರೆ ಕೆಲವೇ ವಾರದಲ್ಲಿ ಮರೆಯುತ್ತದೆ. ಹುಡುಗ ಚಳಿಗಾಲದಿಂದ ಫ್ಯಾನಿನ ಕೆಳಗೆ ಕೂತು ಓದಿದವನು. ಅವನ ಮೈ ಬಿಸಿಲಿಗೆ ಹೊಸದು. ಹೊರಗಿನ ಕೆಲಸದಲ್ಲಿ ಬಿಸಿಲಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ ಅಂತ ಅಮೆರಿಕದ ಕಾರ್ಮಿಕ ಸುರಕ್ಷತೆಯವರ ಲೆಕ್ಕ. ಅದಕ್ಕೇ ಅವರು ಹೊಸಬರಿಗೆ ಮೊದಲ ದಿನ ಐದನೇ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೊಂದು ಪಾಲು ಏರಿಸಿ ಅನ್ನುತ್ತಾರೆ. "ಎರಡು ದಿನಾ ಆದ್ರ ರೂಢಿ ಆಗ್ತದ" ಅಂದ ಗೌಂಡಿಯ ಮಾತು ಪೂರ್ತಿ ತಪ್ಪಲ್ಲ. ಎರಡು ದಿನ ಅಂದದ್ದು, ಮತ್ತು ಅಲ್ಲಿಯವರೆಗೆ ಪೂರ್ತಿ ಬುಟ್ಟಿ ಹೊರಿಸಿದ್ದು ತಪ್ಪು.

ಜ್ವರದ ಗುಳಿಗೆಯಿಂದ ಏನೂ ಆಗಲಿಲ್ಲ. ಆಗುವುದೂ ಇಲ್ಲ. ಜ್ವರದಲ್ಲಿ ಮಿದುಳೇ ಉಷ್ಣಾಂಶ ಏರಿಸಿರುತ್ತದೆ, ಗುಳಿಗೆ ಅದನ್ನು ಇಳಿಸುತ್ತದೆ. ಇಲ್ಲಿ ಶಾಖ ಹೊರಗೆ ಹೋಗಲಾರದೆ ಕೂತಿರುತ್ತದೆ. ಮೊದಲೇ ಪೆಟ್ಟು ತಿಂದ ಲಿವರಿಗೆ ಗುಳಿಗೆ ಇನ್ನೊಂದು ಹೊರೆ ಅಷ್ಟೇ. ಬೇಕಾದ್ದು ನೀರು ಮತ್ತು ಗಾಳಿ, ಅದೂ ಕೂಡಲೇ. ಅರ್ಧ ತಾಸಿನೊಳಗೆ 39ಕ್ಕೆ ಇಳಿಸಿದರೆ ಬಹಳ ಜನ ಉಳಿಯುತ್ತಾರೆ. ಹಾಗಾಗಿ ಮೊದಲು ತಂಪು, ಆಮೇಲೆ ಆಸ್ಪತ್ರೆ. ಗಾಡಿ ಬರಲಿ ಅಂತ ಕಾಯುತ್ತಾ ನಿಂತರೆ ಮಿದುಳು, ಕಿಡ್ನಿ, ಲಿವರ್ ಬೇಯುತ್ತಾ ಇರುತ್ತವೆ.

ಅವನ ಕಿಡ್ನಿಗೆ ಪೆಟ್ಟು ಬಿದ್ದೇ ಬಿತ್ತು. ಎರಡನೇ ದಿನ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂತು. ಶಾಖಕ್ಕೆ ಸ್ನಾಯುವಿನ ಜೀವಕೋಶಗಳು ಒಡೆದು ಅದರ ಬಣ್ಣದ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ 2.6ಕ್ಕೆ ಏರಿತು. ಡಯಾಲಿಸಿಸ್ ಬೇಕಾಗಬಹುದು ಅಂತ ಚಿಕ್ಕಪ್ಪನ ಸಹಿ ಹಾಕಿಸಿಕೊಂಡರು. ಬೇಕಾಗಲಿಲ್ಲ. ಬಾಟಲಿ ಮೇಲೆ ಬಾಟಲಿ ಸಲೈನ್ ಹೋಯಿತು. ಎಂಟನೇ ದಿನ ಮನೆಗೆ ಬಿಟ್ಟರು. ಆ ಬೇಸಿಗೆ ಪೂರ್ತಿ ಬಿಸಿಲಿಗೆ ಹೋಗಬೇಡ ಅಂದರು.

ಅಕ್ಕ ನೀರು ಕುಡಿಯದ ಕಾರಣ

ಈ ಪ್ರಕರಣದಲ್ಲಿ ಆಸ್ಪತ್ರೆಯ ಕಾಗದಕ್ಕೆ ಬಾರದ ಇನ್ನೊಬ್ಬ ರೋಗಿ ಇದ್ದಳು. ಮೂರನೇ ದಿನ ಹುಡುಗನನ್ನು ನೋಡಲು ಬಂದ ಅಕ್ಕ ಅಲ್ಲೇ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು. ಉರಿಮೂತ್ರ. ಇದು ಎಷ್ಟನೇ ಸಲವೋ. ಎರಡು ವರ್ಷದ ಹಿಂದೆ ಕಿಡ್ನಿಯಲ್ಲಿ ಹರಳು ಆಗಿತ್ತಂತೆ. ನೀರು ಜಾಸ್ತಿ ಕುಡಿಯಬೇಕಲ್ವಾ ಯಕ್ಕಾ ಅಂದೆ. ದೊಡ್ಡ ಬುದ್ಧಿವಂತನ ಹಾಗೆ.

"ಕುಡದ್ರ ಹೋಗೋದೆಲ್ಲಿ ಸರ?"

ಸೈಟಿನಲ್ಲಿ ಮೊದಲು ತಗಡಿನ ಒಂದು ಶೌಚಾಲಯ ಇತ್ತು. ಸೆಂಟ್ರಿಂಗ್ ಹಲಗೆ ಇಡಲು ಜಾಗ ಸಾಲದೆ ಬಂದಾಗ ಅದನ್ನು ಕಿತ್ತಿದ್ದೆವು. ಕಿತ್ತಿಸಿದ್ದು ನಾನೇ. ಗಂಡಸರಿಗೆ ತೊಂದರೆಯಾಗಲಿಲ್ಲ, ಗೋಡೆ ಇತ್ತು. ಹೆಣ್ಣುಮಕ್ಕಳು ಹಿಂದಿನ ಖಾಲಿ ಜಾಗದ ಜಾಲಿ ಗಿಡದ ಮರೆಗೆ ಹೋಗುತ್ತಿದ್ದರು. ಫೆಬ್ರವರಿಯಲ್ಲಿ ಆ ಜಾಗಕ್ಕೆ ಕಂಪೌಂಡ್ ಬಿತ್ತು. ಆಮೇಲೆ ಎಲ್ಲಿಗೆ ಹೋಗುತ್ತಿದ್ದರು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಎಲ್ಲಿಗೂ ಇಲ್ಲ. ನಸುಕಿನಲ್ಲಿ ಮನೆಯಲ್ಲಿ ಒಮ್ಮೆ, ಸಂಜೆ ವಾಪಸ್ ಹೋದ ಮೇಲೆ ಒಮ್ಮೆ. ನಡುವೆ ಹನ್ನೆರಡು ತಾಸು. ಅದಕ್ಕಾಗಿ ಬೆಳಗ್ಗೆಯಿಂದ ಗಂಟಲು ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಅವತ್ತು ಆ ಹುಡುಗನಿಗೆ ಪೈಪು ಹಿಡಿದು ನಿಂತ ಅಕ್ಕ, ತಾನು ಬೆಳಗ್ಗೆಯಿಂದ ಕುಡಿದದ್ದು ಒಂದು ಲೋಟ.

ಹಾಗಾಗಿ 40 ಲೀಟರಿನ ಬದಲು 400 ಲೀಟರ್ ಇಟ್ಟಿದ್ದರೂ ಆಕೆ ಕುಡಿಯುತ್ತಿರಲಿಲ್ಲ. ನೀರು ಎಷ್ಟಿದೆ ಅಂತ ಎಣಿಸುವುದು ಸುಲಭ. ಕುಡಿದರೆ ಯಾರಿಗೆ ಏನು ತೊಂದರೆ ಅಂತ ಎಣಿಸಲು ಕೇಳಬೇಕಾಗುತ್ತದೆ. ಹುಡುಗನಿಗೆ ಮೆಟ್ಟಿಲಿಳಿದು ಬಂದರೆ ಸಾಲು ಮುರಿಯುವ ಭಯ, ಅಕ್ಕನಿಗೆ ಮರೆ ಇಲ್ಲದ ಭಯ.

ಕಾನೂನಿನಲ್ಲಿ ಎಲ್ಲ ಇತ್ತು. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಸೈಟಿಗೆ ಅನ್ವಯಿಸುತ್ತಿತ್ತು. ಅದರ 32ನೇ ಸೆಕ್ಷನ್ ಕುಡಿಯುವ ನೀರಿಗೆ, 33 ಶೌಚಾಲಯಕ್ಕೆ, 36 ಪ್ರಥಮ ಚಿಕಿತ್ಸೆಗೆ. ನೀರಿನ ಜಾಗ ಶೌಚಾಲಯದಿಂದ ಆರು ಮೀಟರ್ ದೂರ ಇರಬೇಕು ಅನ್ನುವವರೆಗೆ ಬರೆದಿದ್ದಾರೆ. ನಮ್ಮಲ್ಲಿ ಆ ಆರು ಮೀಟರ್ ಅಳೆಯಲು ಶೌಚಾಲಯವೇ ಇರಲಿಲ್ಲ. ಕಟ್ಟಡದ ಖರ್ಚಿನ ಮೇಲೆ ಶೇಕಡಾ 1ರ ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ, ನೋಂದಾಯಿತ ಕಾರ್ಮಿಕರಿಗೆ ಅಲ್ಲಿಂದ ವೈದ್ಯಕೀಯ ನೆರವು ಸಿಗುತ್ತದೆ. ಆದರೆ ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿರಬೇಕು. ಹುಡುಗ ದುಡಿದದ್ದು ಮೂರು ದಿನ. ಆಸ್ಪತ್ರೆ ಬಿಲ್ಲನ್ನು ಮಾಲೀಕರು ಅರ್ಧ, ಗುತ್ತೇದಾರರು ಕಾಲು, ಚಿಕ್ಕಪ್ಪ ಉಳಿದದ್ದು ಕಟ್ಟಿದರು.

ಇನ್ನೊಂದು ವಿಚಿತ್ರ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಅಂತ ಸರ್ಕಾರವೇ ಆದೇಶ ಹೊರಡಿಸುತ್ತದೆ. ಫ್ಯಾನಿನ ಕೆಳಗೆ ಕೂರುವವರಿಗೆ ಒಂದೂವರೆಯ ನಂತರದ ಬಿಸಿಲು ಆಗುವುದಿಲ್ಲ ಅಂತ ಒಪ್ಪಿಕೊಂಡಾಗಿದೆ. ಒಳ್ಳೆಯದೇ. ಅದೇ ರಸ್ತೆಯ ಸೈಟಿನಲ್ಲಿ ಅದೇ ಒಂದೂವರೆಗೆ ಮೋಲ್ಡ್ ಅರ್ಧ ಆಗಿರುತ್ತದೆ. ಸೈಟಿನವರಿಗೂ ಇಂಥ ಬಿಡುವು ಕೊಡಲು ಆಗುವುದೇ ಇಲ್ಲ ಅನ್ನುವಂತಿಲ್ಲ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರತನಕ ಹೊರಗಿನ ಕೆಲಸ ನಿಷೇಧ. 2024ರ ಬೇಸಿಗೆಯಲ್ಲಿ ದೆಹಲಿಯಲ್ಲೂ ಕಟ್ಟಡ ಕಾರ್ಮಿಕರಿಗೆ 12ರಿಂದ 3ರವರೆಗೆ ಪಗಾರ ಕಡಿಯದೆ ಬಿಡುವು ಕೊಡಿ ಅಂತ ಆದೇಶ ಬಂತು. ಪಗಾರ ಕಡಿಯದೆ ಅನ್ನುವುದೇ ಅದರಲ್ಲಿ ಮುಖ್ಯ. ಪಗಾರ ಹೋಗುವ ವಿಶ್ರಾಂತಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಮುಂದಿನ ಮೋಲ್ಡ್

ಮೂರನೇ ಮಹಡಿಯ ಮೋಲ್ಡ್ ಮೇ ಕೊನೆಯಲ್ಲಿ ಹಾಕಿದೆವು. ಮಿಕ್ಸರ್ ಹಿಂದಿನ ದಿನವೇ ತಂದು ನಿಲ್ಲಿಸಿ, ಲೈಟ್ ಕಟ್ಟಿ, ನಸುಕಿನ ನಾಲ್ಕಕ್ಕೆ ಶುರು. ಹನ್ನೊಂದಕ್ಕೆ ಮುಗಿಯಿತು. ಕಾಂಕ್ರೀಟಿಗೂ ಅದೇ ಒಳ್ಳೆಯದು, ಸಂಹಿತೆ ಹೇಳುವುದೂ ಅದನ್ನೇ.

ನೀರಿಗೆ ಒಬ್ಬ ಆಳು. ಅವನಿಗೆ ಬೇರೆ ಕೆಲಸ ಇಲ್ಲ. ಮಣ್ಣಿನ ಗಡಿಗೆಗಳಿಗೆ ಹಸಿ ಗೋಣಿ ಸುತ್ತಿ ಮೇಲೆ ಇಟ್ಟು, ಕೊಡದಲ್ಲಿ ತುಂಬಿಕೊಂಡು ಸಾಲಿನ ಉದ್ದಕ್ಕೂ ಓಡಾಡುವುದು. ಬಾಯಾರಿಕೆ ಆಗಲಿ ಅಂತ ಕಾಯಬಾರದು, ಬಾಯಾರಿಕೆ ತಡವಾಗಿ ಬರುವ ಸೂಚನೆ. ಬರೀ ನೀರು ಕುಡಿಸಲು ಒಬ್ಬನಿಗೆ 400 ರೂಪಾಯಿ ಯಾಕೆ ಅಂತ ಮಾಲೀಕರು ಕೇಳಿದರು. ಆಸ್ಪತ್ರೆ ಬಿಲ್ ನೆನಪು ಮಾಡಿದೆ. ಸುಮ್ಮನಾದರು.

ಓಆರ್‌ಎಸ್ ಪೊಟ್ಟಣ ತಂದಿದ್ದೆ, ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಗುಟುಕು ಕುಡಿದು ಮುಖ ಕಿವುಚಿದರು. ಅಂಗಡಿಯವನು ಮೊದಲು ಕೊಟ್ಟದ್ದು ಹೆಸರಲ್ಲಿ ಮಾತ್ರ ಓಆರ್‌ಎಸ್ ಇದ್ದ ಸಕ್ಕರೆ ಪಾನಕದ ಡಬ್ಬಿ. ಅಂಥ ಡಬ್ಬಿಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದ್ದು 2025ರಲ್ಲಿ. ಕೊನೆಗೆ ಗೆದ್ದದ್ದು ಉಪ್ಪು ಹಾಕಿದ ಮಜ್ಜಿಗೆ. ಎರಡು ಕೊಡ ತರಿಸಿದ್ದು ಎಂಟು ಗಂಟೆಗೆ ಖಾಲಿ. ಉಪ್ಪಿಲ್ಲದ ಬರೀ ನೀರನ್ನು ಒಮ್ಮೆಲೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯವೇ, ರಕ್ತದ ಸೋಡಿಯಂ ಇಳಿಯುತ್ತದೆ. ತಾಸಿಗೆ ಒಂದೂವರೆ ಲೀಟರ್ ದಾಟಬಾರದು.

ಹೊಸಬರು ಇಬ್ಬರಿದ್ದರು. ಅವರಿಗೆ ಅರ್ಧ ಬುಟ್ಟಿ, ಅರ್ಧ ತಾಸಿಗೊಮ್ಮೆ ಕೆಳಗಿನ ಕೆಲಸ. ಗೌಂಡಿ ಗೊಣಗಿದರು. ಆದರೂ ಅವರೇ ಮಧ್ಯೆ ಮಧ್ಯೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದರು. ಉತ್ತರ ಸರಿಯಾಗಿ ಬರುತ್ತದಾ ಅಂತ ನೋಡುವುದಕ್ಕೆ. ಅದನ್ನು ಅವರಿಗೆ ನಾನು ಹೇಳಿಕೊಟ್ಟಿರಲಿಲ್ಲ.

ತಗಡಿನ ಶೌಚಾಲಯ ಮತ್ತೆ ಎದ್ದಿತ್ತು, ಒಳಗೆ ಚಿಲಕ ಸಮೇತ. ಚಿಲಕ ಅಕ್ಕ ಹೇಳಿದ್ದು. ನಾನು ಬರೀ ಬಾಗಿಲು ಹಾಕಿಸಿದ್ದೆ.

ಹುಡುಗನ ಕ್ರಿಯಾಟಿನಿನ್ ಜುಲೈ ಹೊತ್ತಿಗೆ ಸರಿಹೋಯಿತು. ಡಿಗ್ರಿಗೆ ಸೇರಿದ. ಕಟ್ಟಡ ಕೆಲಸಕ್ಕೆ ಮತ್ತೆ ಬರಲಿಲ್ಲ.

ಅವತ್ತಿನ ಸೈಟ್ ಡೈರಿ ಈಗಲೂ ನನ್ನ ಹತ್ತಿರ ಇದೆ. ಹುಡುಗನನ್ನು ಸೇರಿಸಿ ಬಂದ ಮೇಲೆ, ರಾತ್ರಿ ಬರೆದದ್ದು, ನನ್ನದೇ ಅಕ್ಷರ. "ಎರಡನೇ ಮಹಡಿ ಮೋಲ್ಡ್ ಪೂರ್ಣ. ಶುರು 9.15, ಮುಕ್ತಾಯ 5.40. ಸಿಮೆಂಟ್ 192 ಚೀಲ. ಜನ 24. ಕ್ಯೂಬ್ 9. ಕ್ಯೂರಿಂಗ್ ಶುರು ಮಾಡಲಾಗಿದೆ. ಇತರೆ: ಏನೂ ಇಲ್ಲ."